ತೆರೆ ದಾಟಿ ಇಳಿಯುವ ಸ್ಕೂಬಾ: ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿ ಕಲಿಯಬೇಕು, ಹೇಗೆ ಕಲಿಯಬೇಕು?

"ಅಣ್ಣಾ, ಊರಿಗೆ ಹೋದಾಗ ನೇತ್ರಾಣೀಲಿ ಸ್ಕೂಬಾ ಕಾರ್ಡ್ ತಗೊಂಡ್ಬಂದಿದೀನಿ. ಈ ಶನಿವಾರ ಮಾಂಟೆರೆಗೆ ನಾನೂ ಬರ್ಲಾ?"

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ನಮ್ಮ ಹುಡುಗ ಹುಡುಗಿಯರಿಂದ ಇಂಥ ಮೆಸೇಜು ಆಗಾಗ ಬರುತ್ತದೆ. ಬಾ ಮಾರಾಯ, ಖಂಡಿತ ಬಾ ಅನ್ನುತ್ತೇನೆ. ಆದರೆ ಟ್ಯಾಂಕು ಹೊತ್ತು ನೀರಿಗಿಳಿಯುವ ಮಾತು ಆಮೇಲೆ. ದೋಣಿಯಿಂದ ಹಾರಿ ಕಲಿತ ಡೈವಿಂಗಿಗೂ, ದಡದಿಂದ ನಡೆದು ತೆರೆ ದಾಟಿ ಹೋಗುವ ಡೈವಿಂಗಿಗೂ ನೀರಿನಡಿಯಲ್ಲಿ ಅಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಮೊದಲ ಕೆಲವು ನಿಮಿಷ ಮತ್ತು ಕೊನೆಯ ಕೆಲವು ನಿಮಿಷಗಳಲ್ಲಿ. ಪೆಸಿಫಿಕ್ ಕಡಲಿನ ದಡದಲ್ಲಿ ಹೊಸಬರನ್ನು ಕೆಡವುವುದು ಆ ನಿಮಿಷಗಳೇ. ನೇತ್ರಾಣಿಯಲ್ಲಿ ಕೋರ್ಸ್ ಮುಗಿಸಿ ಪಡೆದ ಕಾರ್ಡಿನಲ್ಲಾಗಲಿ, ಅಂಡಮಾನಿನ ಹ್ಯಾವ್‌ಲಾಕಿನ ಕಾರ್ಡಿನಲ್ಲಾಗಲಿ ಆ ಪಾಠ ಸಾಮಾನ್ಯವಾಗಿ ಸೇರಿರುವುದಿಲ್ಲ.

ಹಾಗಾಗಿ ಎಲ್ಲಿ ಕಲಿಯಬೇಕು, ಯಾವ ದಡ ಮೊದಲು, ಯಾವ ದಡ ಆಮೇಲೆ, ಯಾವ ದಡ ಬೇಡವೇ ಬೇಡ, ಈಜಲು ಕಾಲಿಗೆ ತೊಡುವ ಫಿನ್ (ರಬ್ಬರಿನ ರೆಕ್ಕೆ) ಹಾಕಿಕೊಂಡು ನಡೆಯಬೇಕೋ ಕೈಯಲ್ಲಿ ಹಿಡಿದೋ ಎಂಬುದನ್ನೆಲ್ಲ ಒಂದೊಂದಾಗಿ ಹೋಲಿಸಿ ನೋಡೋಣ. ನಾನು ಬರೆಯುವುದು ಕ್ಯಾಲಿಫೋರ್ನಿಯಾದ ಕರಾವಳಿಯ ಬಗ್ಗೆ, ಏಕೆಂದರೆ ನಾನು ಇಳಿಯುವ ಕಡಲು ಅದೇ.

ಬೆಚ್ಚಗಿನ ನೀರಿನ ದೋಣಿಯೋ, ತಣ್ಣೀರಿನ ದಡವೋ

ಮುರುಡೇಶ್ವರದಲ್ಲಿ ದೋಣಿ ಹತ್ತಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ. ನೀರು 27–28 ಡಿಗ್ರಿ. ತೆಳ್ಳನೆಯ ಸೂಟು, ಸೊಂಟಕ್ಕೆ ನಾಲ್ಕೈದು ಕಿಲೋ ಸೀಸ, ಕಾಲಿಗೆ ಶೂ ಥರದ ಫಿನ್. ದೋಣಿಯ ಅಂಚಿನಲ್ಲಿ ಕೂತು ಹಿಂದಕ್ಕೆ ಉರುಳಿದರೆ ಸಾಕು, ಕೆಳಗೆ ಹವಳವೂ ಮೀನಿನ ಹಿಂಡೂ ಕಾಣುತ್ತದೆ. ಉಸಿರಾಟ ಹದಕ್ಕೆ ಬರಲು, ನೀರಿನಲ್ಲಿ ತೇಲದೆ ಮುಳುಗದೆ ನಿಲ್ಲುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ರಜೆಯ ಡೈವಷ್ಟೇ ಸಾಕೆನ್ನುವವರು ಮಳೆಗಾಲ ಮುಗಿದ ಮೇಲೆ ಊರಿಗೆ ಹೋದಾಗ ಅಲ್ಲೇ ಕಲಿಯಬಹುದು.

ಮಾಂಟೆರೆಯ ನೀರು ವರ್ಷದ ಬಹುಭಾಗ 10ರಿಂದ 14 ಡಿಗ್ರಿ. 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ತಲೆಗೆ ಹುಡ್, ಕೈಗೆ ಗ್ಲೌಸ್, ಕಾಲಿಗೆ ಬೂಟು. ಅಷ್ಟು ದಪ್ಪದ ರಬ್ಬರು ತೇಲಿಸುತ್ತದಾದ್ದರಿಂದ ಅದನ್ನು ಮುಳುಗಿಸಲು ಹತ್ತು ಕಿಲೋಗೂ ಮೇಲ್ಪಟ್ಟ ಸೀಸ ಬೇಕು. ಬೆನ್ನಿಗೆ ತುಂಬಿದ ಟ್ಯಾಂಕು. ಎಲ್ಲ ಸೇರಿ 30 ಕಿಲೋ ಸುಲಭವಾಗಿ ದಾಟುತ್ತದೆ. ಅಷ್ಟನ್ನೂ ಹೊತ್ತು ಪಾರ್ಕಿಂಗಿನಿಂದ ಮೆಟ್ಟಿಲಿಳಿದು, ಮರಳಿನಲ್ಲಿ ನಡೆದು, ಬಂದು ಬಡಿಯುವ ನೀರಿಗೆ ಎದುರಾಗಿ ಹೋಗಬೇಕು. ಡೈವ್ ಮುಗಿಸಿ, ಸುಸ್ತಾಗಿ, ಬೆರಳು ಮರಗಟ್ಟಿದ ಹೊತ್ತಿನಲ್ಲಿ ಅದೇ ದಾರಿಯಲ್ಲಿ ವಾಪಸು ಬರಬೇಕು.

ಎರಡೂ ಕಡೆ ಸಿಗುವ ಕಾರ್ಡು ಒಂದೇ. ಮೊದಲ ಹಂತದ ಈ ಓಪನ್ ವಾಟರ್ ಕಾರ್ಡು ಎಂದರೆ ಕಡಲಿನಲ್ಲಿ ನಾಲ್ಕು ಡೈವ್, 18 ಮೀಟರ್ ಆಳದ ಮಿತಿ. ಆದರೆ ತರಬೇತಿ ಸಂಸ್ಥೆಗಳೇ ಹೇಳುವ ಒಂದು ಷರತ್ತನ್ನು ಬಹಳ ಜನ ಓದಿರುವುದಿಲ್ಲ: ನೀವು ಯಾವ ಬಗೆಯ ನೀರಿನಲ್ಲಿ ಕಲಿತಿರೋ ಅದನ್ನು ಹೋಲುವ ನೀರಿನಲ್ಲಿ ಡೈವ್ ಮಾಡಲು ಮಾತ್ರ ಆ ಕಾರ್ಡು ನಿಮ್ಮನ್ನು ತಯಾರು ಮಾಡಿದೆ.

ನಿಮ್ಮ ಮುಂದಿರುವ ದಾರಿ ಮೂರು. ಪೂರ್ತಿ ಕೋರ್ಸನ್ನು ಬೆಚ್ಚಗಿನ ನೀರಿನಲ್ಲಿ ಮುಗಿಸಿಕೊಂಡು ಬಂದು, ಇಲ್ಲಿ ಒಂದು ದಿನ ಶಿಕ್ಷಕರ ಜೊತೆ ತೆರೆ ದಾಟುವುದನ್ನಷ್ಟೇ ಕಲಿಯುವುದು ಒಂದು. ಪೂರ್ತಿ ಕೋರ್ಸನ್ನು ಇಲ್ಲಿನ ದಡದಲ್ಲೇ ಮಾಡುವುದು ಎರಡನೆಯದು. ಓದು ಮತ್ತು ಈಜುಕೊಳದ ಪಾಠವನ್ನು ಇಲ್ಲಿ ಮುಗಿಸಿ, ಕಡಲಿನ ನಾಲ್ಕು ಡೈವನ್ನು ಮಾತ್ರ ಹವಾಯಿಯಲ್ಲೋ ಮೆಕ್ಸಿಕೋದಲ್ಲೋ ಇಲ್ಲಿನ ಶಿಕ್ಷಕರ ಪತ್ರದ (ರೆಫರಲ್) ಮೇಲೆ ಮಾಡುವುದು ಮೂರನೆಯದು. ರಜೆಗೆ ಹೋದಾಗ ಮಾತ್ರ ಡೈವ್ ಮಾಡುವವರಿಗೆ ಮೂರನೆಯದು ಚೆನ್ನಾಗಿದೆ. ಅಂಥವರು ಮಾಂಟೆರೆಯ ಚಳಿಯಲ್ಲಿ ನಡುಗುವ ಅಗತ್ಯವೇ ಇಲ್ಲ. ಆದರೆ ಇಲ್ಲೇ ಇದ್ದು, ಇಲ್ಲಿನ ಕೆಲ್ಪ್ ಎಂಬ ಎತ್ತರದ ಕಡಲಪಾಚಿಯ ಕಾಡಿನಲ್ಲಿ ವರ್ಷವಿಡೀ ಡೈವ್ ಮಾಡಬೇಕೆನ್ನುವವರಿಗೆ ನನ್ನ ಸಲಹೆ ಎರಡನೆಯದೇ. ಕಷ್ಟದ ಭಾಗವನ್ನು ಮೊದಲೇ, ಪಕ್ಕದಲ್ಲಿ ಶಿಕ್ಷಕರು ಇರುವಾಗಲೇ ಕಲಿತುಬಿಡಬೇಕು. ಕಾರ್ಡು ಕೈಗೆ ಬಂದ ಮೇಲೆ ಗೆಳೆಯರ ಜೊತೆ ಕಲಿಯುತ್ತೇನೆ ಎಂದರೆ ಆ ಗೆಳೆಯರಿಗೂ ತೆರೆ ಬಾರದಿದ್ದರೆ ಕಲಿಸುವವರು ಯಾರು?

ತೆರೆ ದಾಟುವ ಪಾಠ ಈ ಕರಾವಳಿಗೆ ಹೊಸದಲ್ಲ. ಅಮೆರಿಕದಲ್ಲಿ ಸಾಮಾನ್ಯ ಜನರಿಗೆ ಸ್ಕೂಬಾ ಕಲಿಸುವ ವ್ಯವಸ್ಥಿತ ಕಾರ್ಯಕ್ರಮ ಶುರುವಾಗಿದ್ದೇ ಲಾಸ್ ಏಂಜಲೀಸ್ ಕೌಂಟಿಯಲ್ಲಿ, 1950ರ ದಶಕದ ಮಧ್ಯದಲ್ಲಿ; ಕೌಂಟಿಯ ಉದ್ಯಾನ ಇಲಾಖೆಯ ಆಲ್ ಟಿಲ್‌ಮನ್ ಮತ್ತು ಲೈಫ್‌ಗಾರ್ಡ್ ಆಗಿದ್ದ ಬೆವ್ ಮಾರ್ಗನ್ ಅದನ್ನು ಕಟ್ಟಿದರು. ಇಂದು ಡೈವರುಗಳೆಲ್ಲ ಹೆಸರು ಕೇಳಿರುವ ಸ್ಕೂಬಾ ತರಬೇತಿ ಸಂಸ್ಥೆ ಪಾಡಿ ಹುಟ್ಟಿದ್ದು 1966ರಲ್ಲಿ. ಮನೆಮುಂದೆಯೇ ಒಡೆಯುವ ತೆರೆ ಇದ್ದ ಊರಿನಲ್ಲಿ ಹುಟ್ಟಿದ ವಿದ್ಯೆಯಾದ್ದರಿಂದ, ಇಲ್ಲಿನ ಹಳೆಯ ಶಿಕ್ಷಕರು ತೆರೆಯನ್ನು ಕೊನೆಗೆ ಸೇರಿಸುವ ಒಂದು ಅಧ್ಯಾಯವೆಂದು ನೋಡುವುದಿಲ್ಲ. ಅಲ್ಲಿಂದಲೇ ಪಾಠ ಶುರು ಮಾಡುತ್ತಾರೆ.

ದಡದ ಇಳಿಜಾರೇ ಮುಖ್ಯ

ಹೊಸಬರು ತೆರೆಯ ಎತ್ತರವನ್ನಷ್ಟೇ ನೋಡುತ್ತಾರೆ. ನಾನು ಮೊದಲು ನೋಡುವುದು ಮರಳಿನ ಇಳಿಜಾರು. ತೆರೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಒಡೆಯುತ್ತದೆ. ಅರ್ಧ ಮೀಟರಿನ ತೆರೆ ಒಡೆಯುವುದು ನಿಮ್ಮ ತೊಡೆಮಟ್ಟದ ನೀರಿನಲ್ಲಿ. ಒಂದು ಮೀಟರಿನದು ಒಡೆಯುವುದು ಎದೆಮಟ್ಟದಲ್ಲಿ. ದಡ ನಿಧಾನವಾಗಿ ಇಳಿಯುತ್ತಿದ್ದರೆ ತೆರೆ ದೂರದಲ್ಲೇ ಒಡೆದು, ನೊರೆಯಾಗಿ, ಶಕ್ತಿ ಕಳೆದುಕೊಳ್ಳುತ್ತಾ ನಿಮ್ಮ ಹತ್ತಿರ ಬರುತ್ತದೆ. ದಡ ಕಡಿದಾಗಿದ್ದರೆ ಅದೇ ತೆರೆ ಕೊನೆಯ ಗಳಿಗೆಯವರೆಗೆ ಎದ್ದು ನಿಂತು ನಿಮ್ಮ ಮೇಲೆಯೇ ಕುಸಿಯುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಹೋಲಿಕೆ ಸಲೀಸಾಗಿ ಅರ್ಥವಾಗುತ್ತದೆ.

ಮಾಂಟೆರೆ ಬ್ರೇಕ್‌ವಾಟರ್. ಕ್ಯಾನರಿ ರೋ ಬೀದಿಯ ತುದಿಯಲ್ಲಿ, ಸ್ಯಾನ್ ಕಾರ್ಲೋಸ್ ಬೀಚ್. ಉತ್ತರ ಕ್ಯಾಲಿಫೋರ್ನಿಯಾದ ಬಹುತೇಕ ಡೈವ್ ಕ್ಲಾಸುಗಳು ನಡೆಯುವುದು ಇಲ್ಲೇ. ಉದ್ದಕ್ಕೆ ಚಾಚಿದ ಕಲ್ಲಿನ ತಡೆಗೋಡೆ, ಅದರ ತುದಿಯಲ್ಲಿ ಬೊಬ್ಬೆ ಹೊಡೆಯುವ ಕಡಲಸಿಂಹಗಳು. ವಾಯವ್ಯದಿಂದ ಬರುವ ಸ್ವೆಲ್ (ದೂರದ ಗಾಳಿಗೆ ಎದ್ದು ಸಾಗಿಬರುವ ಅಲೆ) ಮಾಂಟೆರೆ ಪರ್ಯಾಯದ್ವೀಪವನ್ನು ಸುತ್ತಿ ಬರಬೇಕಾದ್ದರಿಂದ ಇಲ್ಲಿಗೆ ತಲುಪುವಾಗ ಸಾಕಷ್ಟು ಸಣ್ಣದಾಗಿರುತ್ತದೆ. ಪಾರ್ಕಿಂಗ್, ಶೌಚಾಲಯ, ಮೈತೊಳೆಯಲು ಶವರ್ ಎಲ್ಲ ಪಕ್ಕದಲ್ಲೇ. ಗೋಡೆಯ ಬುಡದ ಬಂಡೆ ಹಿಡಿದು ಹೋದರೆ ದಾರಿ ತಪ್ಪುವ ಭಯವಿಲ್ಲ. ಸ್ವಲ್ಪ ಅನುಭವ ಬಂದ ಮೇಲೆ ಮರಳಿನ ಮೇಲೆ ಬಿದ್ದಿರುವ ಹಳೆಯ ಪೈಪಿನ ಗುಂಟ ಹೋದರೆ ಸುಮಾರು 15 ಮೀಟರ್ ಆಳದಲ್ಲಿ ಬಿಳಿ ಮೆಟ್ರಿಡಿಯಂ ಅನಿಮೋನಿಗಳ (ಹೂವಿನಂತೆ ಕಾಣುವ ಕಡಲಜೀವಿಗಳ) ಬಯಲು ಸಿಗುತ್ತದೆ. ಹಸಿರುಗತ್ತಲಿನಲ್ಲಿ ಆಳೆತ್ತರಕ್ಕೆ ಅರ್ಧದಷ್ಟು ಎದ್ದುನಿಂತ ಬಿಳಿಯ ಹೂಗೊಂಚಲಿನ ಸಾಲು ಒಮ್ಮೆಗೇ ಎದುರಾಗುವುದನ್ನು ನೋಡಲೆಂದೇ ಜನ ಮತ್ತೆ ಮತ್ತೆ ಬರುತ್ತಾರೆ.

ಹಾಗಾದರೆ ತೆರೆ ಕಲಿಯಲು ಬ್ರೇಕ್‌ವಾಟರ್ ಸಾಕೇ? ಸಾಲದು. ಹೆಚ್ಚಿನ ದಿನ ಇಲ್ಲಿ ಮೊಣಕಾಲಿಗೆ ಬಡಿಯುವಷ್ಟು ನೀರಷ್ಟೇ ಇರುತ್ತದೆ. ಭಾರ ಹೊತ್ತು ನಡೆಯುವುದು, ಚಳಿ, ಕೆಲ್ಪ್, ಮಬ್ಬು ನೀರು ಇಷ್ಟನ್ನು ಕಲಿಯಲು ಹೇಳಿ ಮಾಡಿಸಿದ ಜಾಗ. ಮೊದಲ ನಾಲ್ಕು ಡೈವ್ ಇಲ್ಲೇ ಮಾಡಿ. ಆದರೆ ಬ್ರೇಕ್‌ವಾಟರಿನಲ್ಲಿ ಇಳಿದವನಿಗೆ ತೆರೆ ಗೊತ್ತು ಎಂದುಕೊಳ್ಳಬೇಡಿ. ಉತ್ತರದ ಕಡೆಯಿಂದ ಸ್ವೆಲ್ ನೇರವಾಗಿ ನುಗ್ಗುವ ದಿನ ಈ ದಡವೂ ರಂಪ ಮಾಡುತ್ತದೆ, ಅಂಥ ದಿನ ಸುಮ್ಮನೆ ವಾಪಸು ಹೋಗುವುದೇ ಸರಿ.

ಲಾ ಹೋಯಾ ಶೋರ್ಸ್. ಸ್ಯಾನ್ ಡಿಯೇಗೋದ ಉತ್ತರಕ್ಕೆ. ತೆರೆ ದಾಟುವ ವಿದ್ಯೆಯನ್ನು ಕಲಿಯಲು ನನ್ನ ಮಟ್ಟಿಗೆ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಿಂತ ಒಳ್ಳೆಯ ದಡ ಇಲ್ಲ. ಅಗಲವಾದ, ಸಮತಟ್ಟು ಅನ್ನಿಸುವಷ್ಟು ನಿಧಾನವಾಗಿ ಇಳಿಯುವ ಮರಳು. ಕಲ್ಲಿಲ್ಲ. ಬಿದ್ದರೆ ಮರಳಿನ ಮೇಲೆ ಬೀಳುತ್ತೀರಿ, ಎದ್ದು ಮತ್ತೆ ನಡೆಯುತ್ತೀರಿ. ವರ್ಷವಿಡೀ ಲೈಫ್‌ಗಾರ್ಡುಗಳಿರುತ್ತಾರೆ. ತೆರೆ ನಿಜವಾದ ತೆರೆ, ಆದರೆ ಬಹುಪಾಲು ದಿನ ಕಲಿಯುವವರ ಅಳತೆಯದು.

ಅದು ಸಣ್ಣದಾಗಿರಲು ಕಾರಣ ನೀರಿನಡಿಯ ಕಣಿವೆ. ಲಾ ಹೋಯಾ ಕ್ಯಾನಿಯನ್ ಎಂಬ ಕಡಲ ಕಣಿವೆಯ ತಲೆ ಈ ದಡಕ್ಕೆ ತೀರಾ ಹತ್ತಿರ ಬರುತ್ತದೆ. ಆಳದ ನೀರಿನಲ್ಲಿ ತೆರೆ ವೇಗವಾಗಿ ಓಡುತ್ತದೆ, ಅಕ್ಕಪಕ್ಕದ ಆಳವಿಲ್ಲದ ಜಾಗದಲ್ಲಿ ನಿಧಾನ. ಹಾಗಾಗಿ ಕಣಿವೆಯ ಮೇಲೆ ಬರುವ ತೆರೆ ಎರಡೂ ಬದಿಗೆ ಬಾಗಿ ಹರಡಿಹೋಗುತ್ತದೆ. ಕಣಿವೆಯ ತಲೆಯ ಎದುರಿಗೆ ನೀರು ಸಣ್ಣದು, ಕೆಲವೇ ಕಿಲೋಮೀಟರು ಉತ್ತರಕ್ಕಿರುವ ಬ್ಲ್ಯಾಕ್ಸ್ ಬೀಚಿನಲ್ಲಿ ಅದೇ ಸ್ವೆಲ್ ಸರ್ಫರುಗಳು ಹುಡುಕಿಕೊಂಡು ಬರುವಷ್ಟು ದೊಡ್ಡದು. ಪಕ್ಕದ ಸ್ಕ್ರಿಪ್ಸ್ ಕಡಲ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಮಂಕ್ ಇದನ್ನು ಅಧ್ಯಯನ ಮಾಡಿದವರು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸಲು ಯಾವ ದಿನ ತೆರೆ ತಗ್ಗಿರುತ್ತದೆಂದು ಲೆಕ್ಕ ಹಾಕುವ ವಿಧಾನವನ್ನು ಹೆರಾಲ್ಡ್ ಸ್ವೆರ್ಡ್ರಪ್ ಜೊತೆ ಸೇರಿ ರೂಪಿಸಿದವರೂ ಅವರೇ. 2019ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ನಾವು ಇವತ್ತು ಮೊಬೈಲಿನಲ್ಲಿ ಸರ್ಫ್ ಮುನ್ಸೂಚನೆ ನೋಡಿ ಶನಿವಾರದ ಡೈವ್ ತೀರ್ಮಾನಿಸುವುದರ ಹಿಂದೆ ಆ ಯುದ್ಧಕಾಲದ ಲೆಕ್ಕವಿದೆ. ಬೀಚಿನ ಕೆಲ್ಲಾಗ್ ಪಾರ್ಕಿನಲ್ಲಿ ಈ ಕಣಿವೆಗಳ ದೊಡ್ಡ ಬಣ್ಣದ ನಕ್ಷೆಯನ್ನು ನೆಲದ ಮೇಲೇ ಮಾಡಿದ್ದಾರೆ. ನೀರಿಗಿಳಿಯುವ ಮೊದಲು ಅದರ ಮೇಲೆ ನಿಂತು ಎಲ್ಲಿಗೆ ಹೋಗುತ್ತೀರೆಂದು ಬೆರಳು ಮಾಡಿ ತೋರಿಸಿಕೊಳ್ಳಿ.

ಲಾ ಹೋಯಾದ ಅನನುಕೂಲ ಎರಡು. ಕಣಿವೆಯ ಅಂಚಿಗೆ ಮುಟ್ಟಲು ಮೇಲ್ಮೈಯಲ್ಲಿ ಬಹಳ ದೂರ ಈಜಬೇಕು. ಇನ್ನೊಂದು, ಮರಳಿನಲ್ಲಿ ಹುದುಗಿರುವ ಸ್ಟಿಂಗ್‌ರೇ ಮೀನು, ನಮ್ಮ ಕರಾವಳಿಯ ತೊರಕೆಯ ಜಾತಿಯದೇ. ಹೆಜ್ಜೆ ಎತ್ತಿ ಎತ್ತಿ ಇಡಬಾರದು. ಕಾಲನ್ನು ಮರಳಿನ ಮೇಲೆ ಎಳೆಯುತ್ತಾ ಹೋದರೆ ಅದು ತಾನಾಗಿ ಸರಿದುಹೋಗುತ್ತದೆ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿಯಿರುವ ನೀರಿನಲ್ಲಿ ಕಾಲಿಡಬೇಕು, ಲೈಫ್‌ಗಾರ್ಡುಗಳು ಸಹಾಯ ಮಾಡುತ್ತಾರೆ. ಬೇಸಿಗೆಯ ಕೊನೆಯಲ್ಲಿ ಆಳವಿಲ್ಲದ ನೀರಿನಲ್ಲಿ ಚುಕ್ಕೆಯ ಲೆಪರ್ಡ್ ಶಾರ್ಕುಗಳು ಹಿಂಡಾಗಿ ಸುಳಿಯುತ್ತವೆ, ಹೆಚ್ಚಿನವು ಬಸುರಿ ಹೆಣ್ಣುಗಳು. ಮನುಷ್ಯರಿಗೆ ಏನೂ ಮಾಡುವುದಿಲ್ಲ.

ಲಗೂನಾ ಬೀಚಿನ ಶಾಸ್ ಕೋವ್, ರೆಡೊಂಡೋದ ವೆಟರನ್ಸ್ ಪಾರ್ಕ್. ಎರಡೂ ಒಳ್ಳೆಯ ಡೈವುಗಳು, ಎರಡನೆಯ ಹಂತದವು. ಶಾಸ್ ಕೋವಿನಲ್ಲಿ ಇಕ್ಕೆಲದಲ್ಲೂ ಬಂಡೆ, ಸರಿಯಾದ ಜಾಗದಲ್ಲಿ ಇಳಿದು ಸರಿಯಾದ ಜಾಗದಲ್ಲೇ ಮೇಲೆ ಬರಬೇಕು. ವೆಟರನ್ಸ್ ಪಾರ್ಕಿನ ದಡ ಕಡಿದಾದದ್ದು, ತೆರೆ ಮರಳಿನ ಹತ್ತಿರವೇ ಕುಸಿಯುತ್ತದೆ. ಲಾ ಹೋಯಾದಲ್ಲಿ ಕೈಕಾಲು ಹದಕ್ಕೆ ಬಂದ ಮೇಲೆ ಹೋಗಿ.

ಪಾಯಿಂಟ್ ಲೋಬೋಸ್‌ನ ವೇಲರ್ಸ್ ಕೋವ್ ಸುಂದರವಾದ ಜಾಗ. ದೋಣಿ ಇಳಿಸುವ ಇಳಿಜಾರಿನಲ್ಲಿ ನಡೆದು ನೀರಿಗಿಳಿಯಬಹುದು. ಆದರೆ ಮೊದಲೇ ಕಾಯ್ದಿರಿಸಬೇಕು, ಕಾರ್ಡು ತೋರಿಸಬೇಕು. ಕಲಿತಾದ ಮೇಲಿನ ಬಹುಮಾನ ಅಂದುಕೊಳ್ಳಿ.

ಮೊನಾಸ್ಟರಿ ಬೀಚ್. ಕಾರ್ಮೆಲ್ ಊರಿನ ದಕ್ಷಿಣಕ್ಕೆ, ಹೈವೇ 1ರ ಅಂಚಿನಲ್ಲಿ, ಕಾರ್ಮೆಲೈಟ್ ಸನ್ಯಾಸಿನಿಯರ ಮಠದ ಎದುರಿಗೆ. ಕಾರಿನಿಂದ ನೋಡಿದರೆ ಅಷ್ಟು ಚೆಂದದ ಬೀಚ್ ಮತ್ತೊಂದಿಲ್ಲ ಅನ್ನಿಸುತ್ತದೆ. ಇದರ ಬಗ್ಗೆ ಒತ್ತಿ ಹೇಳಲೇಬೇಕು, ಏಕೆಂದರೆ ಬ್ರೇಕ್‌ವಾಟರಿನಿಂದ ಇಲ್ಲಿಗೆ ಕಾರಿನಲ್ಲಿ ಸ್ವಲ್ಪವೇ ದೂರ. ಬ್ರೇಕ್‌ವಾಟರ್ ಬೇಸರವಾಯಿತು ಎಂದವರು ನೇರ ಇಲ್ಲಿಗೇ ಬಂದುಬಿಡುತ್ತಾರೆ. ಇಲ್ಲಿನದು ಸಣ್ಣ ಮರಳಲ್ಲ, ದಪ್ಪ ಗ್ರಾನೈಟ್ ಕಾಳು. ದಡ ಕಡಿದು. ಹೆಜ್ಜೆ ಇಟ್ಟರೆ ಜೋಳದ ರಾಶಿಯ ಮೇಲೆ ನಡೆದಂತೆ ಕಾಲು ಹೂತು ಜಾರುತ್ತದೆ. ಕಾರ್ಮೆಲ್ ಕ್ಯಾನಿಯನ್‌ನ ಒಂದು ಕವಲು ದಡದ ಬಳಿಗೇ ಬರುವುದರಿಂದ ನೆಲ ಥಟ್ಟನೆ ಆಳಕ್ಕಿಳಿಯುತ್ತದೆ, ತೆರೆ ಪೂರಾ ಬಲದಿಂದ ಬಂದು ನೇರ ದಡದ ಮೇಲೆ ಕುಸಿಯುತ್ತದೆ. ಬಿದ್ದವನು ಏಳುವ ಮೊದಲೇ ವಾಪಸು ಹರಿಯುವ ನೀರು ಕಾಲಡಿಯ ಕಾಳನ್ನೆಲ್ಲ ಎಳೆದುಕೊಂಡು ಅವನನ್ನು ಮುಂದಿನ ತೆರೆಯ ಬಾಯಿಗೇ ಒಯ್ಯುತ್ತದೆ. ಇಲ್ಲಿ ಹಲವರು ಪ್ರಾಣ ಕಳೆದುಕೊಂಡಿದ್ದಾರೆ, ಅವರಲ್ಲಿ ಡೈವರುಗಳೂ ಇದ್ದಾರೆ, ಸುಮ್ಮನೆ ನೀರಿಗೆ ಕಾಲು ತೋಯಿಸಲು ಹೋದವರೂ ಇದ್ದಾರೆ. ಸ್ಥಳೀಯರು ಇದಕ್ಕೆ ಮಾರ್ಚುವರಿ ಬೀಚ್ ಎಂದೇ ಹೆಸರಿಟ್ಟಿದ್ದಾರೆ. ಅನುಭವಿಗಳು ಶಾಂತವಾದ ದಿನ ನೋಡಿ, ಬೀಚಿನ ಮಧ್ಯವನ್ನು ಬಿಟ್ಟು ಎರಡು ತುದಿಗಳಲ್ಲಿ ಇಳಿಯುತ್ತಾರೆ, ಬರುವಾಗ ಅಂಬೆಗಾಲಿಟ್ಟು ಮೇಲೆ ಬರುತ್ತಾರೆ. ಕಲಿಯುವವರಿಗೆ ಈ ಬೀಚು ಬೇಡ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಫೋಟೋ ತೆಗೆಯಲು ಹೋಗುವವರಿಗೂ ಇದೇ ಮಾತು: ಒಣಗಿದ ಮರಳಿನ ಮೇಲೆಯೇ, ನೀರಿನಿಂದ ಬಹಳ ಹಿಂದೆ ನಿಲ್ಲಿ.

ಫಿನ್ ಕಾಲಲ್ಲೋ, ಕೈಯಲ್ಲೋ

ಇದರ ಬಗ್ಗೆ ಡೈವರುಗಳು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಈ ಪ್ರಶ್ನೆಗೆ ಉತ್ತರವಿರುವುದು ದಡದ ಇಳಿಜಾರಿನಲ್ಲೇ ಎಂಬುದು ನನ್ನ ಅಭಿಪ್ರಾಯ.

ಲಾ ಹೋಯಾದಂಥ ನಿಧಾನ ಇಳಿಜಾರಿನ ದಡದಲ್ಲಿ ಫಿನ್ ಕೈಯಲ್ಲಿರಲಿ. ಎರಡೂ ಫಿನ್ನಿನ ಪಟ್ಟಿಯನ್ನು ಎಡ ಮುಂಗೈಗೆ ಏರಿಸಿಕೊಳ್ಳಿ. ಮಾಸ್ಕು ಮುಖದ ಮೇಲೆ, ಟ್ಯಾಂಕಿನ ಗಾಳಿ ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿ, ತೇಲಲು ಗಾಳಿ ತುಂಬುವ ಜಾಕೆಟ್ಟಾದ ಬಿ.ಸಿ.ಡಿ.ಗೆ ಅರ್ಧ ಗಾಳಿ. ಮುಖ ಕಡಲಿನ ಕಡೆಗೆ, ಮೈ ಮಾತ್ರ ಸ್ವಲ್ಪ ಓರೆ, ಒಂದು ಭುಜ ತೆರೆಗೆ ಕೊಟ್ಟು ಕಾಲೆಳೆಯುತ್ತಾ ಹೋಗಿ. ನೊರೆ ಬಂದು ಬಡಿಯುವ ಕ್ಷಣಕ್ಕೆ ಮುಂಚೆ ಮೊಣಕಾಲು ಸ್ವಲ್ಪ ಮಡಿಚಿ, ಬಲಗೈ ಅಂಗೈಯಿಂದ ಮಾಸ್ಕು ಮತ್ತು ರೆಗ್ಯುಲೇಟರ್ ಎರಡನ್ನೂ ಒತ್ತಿಹಿಡಿದು ನಿಲ್ಲಿ. ಹೊಡೆತ ದಾಟಿದ ಕೂಡಲೇ ಮುಂದೆ ನಡೆಯಿರಿ. ತೆರೆ ಒಡೆಯುವ ಜಾಗದ ಆಚೆ, ಎದೆಮಟ್ಟದ ನೀರಿನಲ್ಲಿ ಜೊತೆಗಾರರ ಭುಜ ಹಿಡಿದು ಒಂದೊಂದೇ ಫಿನ್ ಹಾಕಿಕೊಳ್ಳಿ.

ವೆಟರನ್ಸ್ ಪಾರ್ಕಿನಂಥ ಕಡಿದಾದ ದಡದಲ್ಲಿ ಹೀಗೆ ಮಾಡಲಾಗದು. ಎರಡು ಹೆಜ್ಜೆಗೆ ನೆಲ ತಪ್ಪುತ್ತದೆ, ನಿಂತು ಫಿನ್ ಹಾಕಿಕೊಳ್ಳಲು ಜಾಗವೇ ಸಿಗುವುದಿಲ್ಲ. ಅಲ್ಲಿ ಒದ್ದೆ ಮರಳಿಗೆ ಮುಂಚೆಯೇ ಫಿನ್ ಹಾಕಿಕೊಂಡು, ಜೊತೆಗಾರರ ತೋಳು ಹಿಡಿದು, ಹಿಮ್ಮುಖವಾಗಿ ಇಲ್ಲವೇ ಓರೆಯಾಗಿ, ತಲೆ ತಿರುಗಿಸಿ ತೆರೆ ನೋಡುತ್ತಾ ಇಳಿಯಬೇಕು. ನೀರು ಸೊಂಟ ಮುಟ್ಟಿದ ತಕ್ಷಣ ತಿರುಗಿ ಮುಖ ಕೆಳಗೆ ಮಾಡಿ ಜೋರಾಗಿ ಒದ್ದು ಹೋಗಿಬಿಡಬೇಕು. ಇಲ್ಲಿ ತಡ ಮಾಡಬಾರದು. ನಿಮ್ಮ ಮೇಲೆ ಕುಸಿಯಲಿರುವ ತೆರೆ ದೊಡ್ಡದಾದರೆ ಬಿ.ಸಿ.ಡಿ.ಯ ಗಾಳಿ ಬಿಟ್ಟು ಅದರ ಕೆಳಗೆ ನುಸುಳಿ.

ಎರಡು ವಿಧಾನಕ್ಕೂ ಸ್ಪ್ರಿಂಗ್ ಪಟ್ಟಿಯ ಫಿನ್ನೇ ಒಳ್ಳೆಯದು. ಗ್ಲೌಸ್ ಹಾಕಿದ ಕೈಯಲ್ಲಿ, ತೆರೆಯ ನಡುವೆ ಪ್ಲಾಸ್ಟಿಕ್ ಬಕಲ್ ಹಾಕುವುದು ಬಹಳ ಕಷ್ಟ. ಬೆಚ್ಚಗಿನ ನೀರಿನಲ್ಲಿ ಬಳಸುವ ಶೂ ಥರದ ಫಿನ್ ಇಲ್ಲಿನ ಬೂಟಿಗೆ ಹಿಡಿಸುವುದಿಲ್ಲ, ಊರಿನಿಂದ ತರಬೇಡಿ. ಮಾಸ್ಕಿನ ಪಟ್ಟಿ ಹುಡ್‌ನ ಒಳಗಿರಲಿ. ಹೊರಗಿದ್ದರೆ ಮೊದಲ ಹೊಡೆತಕ್ಕೇ ಮಾಸ್ಕು ಹೋಗುತ್ತದೆ.

ಬಿದ್ದರೆ ಏಳಲು ಒದ್ದಾಡಬೇಡಿ. 30 ಕಿಲೋ ಹೊತ್ತು ತೆರೆಯ ನಡುವೆ ಎದ್ದು ನಿಲ್ಲುವುದು ಗಟ್ಟಿಗರಿಗೂ ಆಗದ ಕೆಲಸ. ರೆಗ್ಯುಲೇಟರ್ ಬಾಯಲ್ಲಿದೆ, ಉಸಿರು ಇದೆ. ಹೋಗುವಾಗ ಬಿದ್ದರೆ ಅಲ್ಲೇ ಈಜಲು ಶುರು ಮಾಡಿ, ಬರುವಾಗ ಬಿದ್ದರೆ ಅಂಬೆಗಾಲಿಟ್ಟು ಒಣ ಮರಳಿಗೆ ಬನ್ನಿ. ರೆಗ್ಯುಲೇಟರನ್ನು ಬಾಯಿಂದ ತೆಗೆಯುವುದು ಒಣ ಮರಳಿಗೆ ಬಂದ ಮೇಲೆಯೇ. ಈ ಕಾರಣಕ್ಕೆ ಟ್ಯಾಂಕಿನಲ್ಲಿ ಕೊನೆಗೆ ಸುಮಾರು 50 ಬಾರ್, ಅಂದರೆ 700 ಪಿ.ಎಸ್.ಐ. ಗಾಳಿ ಉಳಿಸಿಕೊಂಡೇ ದಡದ ಕಡೆ ಹೊರಡಿ. ಬರುವಾಗ ತೆರೆ ಒಡೆಯುವ ಜಾಗದ ಹೊರಗೆ ನಿಂತು, ಒಂದು ಸಾಲು ದೊಡ್ಡ ತೆರೆ ದಾಟಿಹೋಗಲು ಬಿಟ್ಟು, ಕೊನೆಯದರ ಬೆನ್ನ ಹಿಂದೆಯೇ ಬನ್ನಿ. ರಿಪ್ ಕರೆಂಟ್, ಅಂದರೆ ದಡದಿಂದ ಕಡಲಿಗೆ ಹರಿಯುವ ಸೆಳವು, ಹೊರಗೆ ಎಳೆಯುತ್ತಿದ್ದರೆ ಎದುರು ಈಜಬೇಡಿ. ಬಿ.ಸಿ.ಡಿ. ತುಂಬಿಸಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ಆಮೇಲೆ ಒಳಗೆ ಬನ್ನಿ.

ಇಳಿಯುವ ದಿನ, ಇಳಿಯದ ದಿನ

ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಳಿವೆ ದಾಟುವ ನಾಡದೋಣಿಯವರು ತೆರೆಗಳನ್ನು ನೋಡುತ್ತಾ ತಾಳ್ಮೆಯಿಂದ ಕಾಯುತ್ತಾರೆ, ದೊಡ್ಡವು ಸಾಲಾಗಿ ಬಂದು ಹೋದ ಮೇಲೆ ಸಿಗುವ ಬಿಡುವಿನಲ್ಲಿ ನುಗ್ಗುತ್ತಾರೆ. ಡೈವರು ಮಾಡಬೇಕಾದದ್ದೂ ಅದನ್ನೇ. ಸೂಟು ಹಾಕುವ ಮೊದಲು ಹದಿನೈದು ನಿಮಿಷ ದಡದಲ್ಲಿ ನಿಂತು ನೋಡಿ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬಹಳ ಹೊತ್ತು ಸಣ್ಣ ನೀರಿದ್ದು ಇದ್ದಕ್ಕಿದ್ದಂತೆ ದೊಡ್ಡ ತೆರೆ ಬರುವುದುಂಟು. ಎರಡು ನಿಮಿಷ ನೋಡಿದವರಿಗೆ ಅದು ಕಾಣುವುದಿಲ್ಲ.

ಮನೆಯಿಂದ ಹೊರಡುವ ಮೊದಲು ಅಮೆರಿಕದ ಕಡಲು ಮತ್ತು ಹವಾಮಾನದ ಇಲಾಖೆ ನೋವಾ ಕಡಲಲ್ಲಿ ತೇಲಬಿಟ್ಟಿರುವ, ತೆರೆ ಅಳೆಯುವ ಬೋಯ್ ಯಂತ್ರಗಳ ಅಂಕಿ ನೋಡಿ. ಮಾಂಟೆರೆಗೆ 46042 ಸಂಖ್ಯೆಯದು. ಅದರಲ್ಲಿ ತೆರೆಯ ಎತ್ತರ ಮತ್ತು ಒಂದು ತೆರೆಯಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂಬ ಎರಡು ಅಂಕಿ ಮುಖ್ಯ. ಎತ್ತರ ಎಂದು ಕೊಡುವುದು ಎಲ್ಲ ತೆರೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ; ನಡುನಡುವೆ ಬರುವ ಒಂದೊಂದು ತೆರೆ ಅದರ ಎರಡರಷ್ಟಕ್ಕೆ ಹತ್ತಿರ ಇರಬಹುದು. ಎತ್ತರ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ಸೆಕೆಂಡಿನ ಅಂಕಿಯನ್ನು ಹೊಸಬರು ಗಮನಿಸುವುದೇ ಇಲ್ಲ. 8 ಸೆಕೆಂಡಿನ 1 ಮೀಟರ್ ಸ್ವೆಲ್ಲಿಗೂ 16 ಸೆಕೆಂಡಿನ 1 ಮೀಟರ್ ಸ್ವೆಲ್ಲಿಗೂ ಅಜಗಜಾಂತರ. ಎರಡನೆಯದು ದೂರದ ಬಿರುಗಾಳಿಯಿಂದ ಬಂದದ್ದು, ದಡದ ಬಳಿ ಬಹಳ ಎತ್ತರ ಏಳುತ್ತದೆ, ನೀರಿನಡಿಯಲ್ಲೂ ನಿಮ್ಮನ್ನು ಹಿಂದೆ ಮುಂದೆ ತೂಗಾಡಿಸುತ್ತದೆ.

ಕಲಿಯುವವರಿಗೆ ನನ್ನ ಲೆಕ್ಕ ಇಷ್ಟೇ. ಒಡೆಯುವ ತೆರೆ ಮೊಣಕಾಲಿಗಿದ್ದರೆ ಇಳಿಯಿರಿ. ಸೊಂಟಕ್ಕಿದ್ದರೆ ಶಿಕ್ಷಕರು ಪಕ್ಕದಲ್ಲಿದ್ದರೆ ಮಾತ್ರ. ಎದೆಗೆ ಬಂತೆಂದರೆ ಕಾಫಿ ಕುಡಿದು ಮನೆಗೆ ಹೋಗಿ. ಗೆಳೆಯರ ಗುಂಪಿನಲ್ಲಿ ಒಬ್ಬರು ಇವತ್ತು ಬೇಡ ಅಂದರೂ ಎಲ್ಲರಿಗೂ ಬೇಡ, ಕಾರಣ ಕೇಳುವಂತಿಲ್ಲ. ನಮ್ಮ ಗುಂಪಿನಲ್ಲಿ ಈ ನಿಯಮ ಗಟ್ಟಿಯಾಗಿದೆ.

ತಿಂಗಳು ಆಯ್ದುಕೊಳ್ಳುವುದಾದರೆ, ಮಾಂಟೆರೆಗೆ ಸೆಪ್ಟೆಂಬರಿನಿಂದ ನವೆಂಬರ್ ಅರ್ಧದವರೆಗೆ. ವಸಂತದಲ್ಲಿ ಗಾಳಿಗೆ ಆಳದ ತಣ್ಣೀರು ಮೇಲೆದ್ದು ಕಡಲು ಹಸಿರು ಗಂಜಿಯಾಗುತ್ತದೆ, ಚಳಿಗಾಲದಲ್ಲಿ ವಾಯವ್ಯದ ಬಿರುಗಾಳಿಗಳ ಸ್ವೆಲ್. ಸ್ಯಾನ್ ಡಿಯೇಗೋದ ನೀರು ಬೇಸಿಗೆ ಕೊನೆಗೆ 20 ಡಿಗ್ರಿ ದಾಟುತ್ತದೆ, ಕಲಿಕೆಗೆ ಅದೇ ಹಿತ. ಆದರೆ ಬೇಸಿಗೆಯಲ್ಲಿ ದಕ್ಷಿಣಾರ್ಧಗೋಳದಿಂದ ಉದ್ದ ಸೆಕೆಂಡಿನ ಸ್ವೆಲ್ ಬರುತ್ತದೆ, ಅದಕ್ಕೆ ತೆರೆದುಕೊಂಡ ಲಗೂನಾದ ದಡಗಳನ್ನು ಅಂಥ ದಿನ ಬಿಡಿ.

ಗುಂಪಿನ ಕ್ಲಾಸೋ, ಪ್ರತ್ಯೇಕ ಪಾಠವೋ

ಕಡಲಿನ ಡೈವಿನಲ್ಲಿ ಒಬ್ಬ ಶಿಕ್ಷಕರಿಗೆ 8 ವಿದ್ಯಾರ್ಥಿಗಳವರೆಗೆ ಪಾಡಿಯ ನಿಯಮ ಅವಕಾಶ ಕೊಡುತ್ತದೆ, ನೀರಿನ ಸ್ಥಿತಿ ನೋಡಿ ಕಡಿಮೆ ಮಾಡಬೇಕೆಂದೂ ಹೇಳುತ್ತದೆ. ಬ್ರೇಕ್‌ವಾಟರಿನ ಶಾಂತ ದಿನಕ್ಕೆ ನಾಲ್ಕೈದು ಜನರ ಗುಂಪು ಸಾಕು, ಖರ್ಚೂ ಕಡಿಮೆ, ಜೊತೆಗಾರರೂ ಸಿಗುತ್ತಾರೆ. ತೆರೆ ದಾಟುವ ದಿನಕ್ಕೆ ಮಾತ್ರ ಹಣ ಉಳಿಸಬೇಡಿ. ಇಬ್ಬರಿಗೆ ಒಬ್ಬ ಶಿಕ್ಷಕರಿರಲಿ. ಎಂಟು ಜನ ಒಟ್ಟಿಗೆ ಇಳಿದರೆ ಬಿದ್ದವರನ್ನು ಎತ್ತುವಷ್ಟರಲ್ಲಿ ಮುಂದಿನ ತೆರೆ ಬಂದಿರುತ್ತದೆ. ಬಾವಿಯಲ್ಲೋ ಕೆರೆಯಲ್ಲೋ ಈಜು ಕಲಿತು ಕಡಲನ್ನು ಮೈಮೇಲೆ ಹಾಕಿಕೊಳ್ಳದವರು, ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಟ್ಯಾಂಕಿನ ಗೊಡವೆ ಇಲ್ಲದೆ ಬರೀ ಸೂಟು, ಮಾಸ್ಕು, ಫಿನ್ನಿನಲ್ಲಿ ಲಾ ಹೋಯಾದ ತೆರೆಯಲ್ಲಿ ಒಂದೆರಡು ಗಂಟೆ ಒಳಗೆ ಹೊರಗೆ ಓಡಾಡಿ. ಮೈ ತೆರೆಗೆ ಒಗ್ಗಿದರೆ ಅರ್ಧ ಕೆಲಸ ಆದ ಹಾಗೆ. ಮೈಕಟ್ಟು ಚಿಕ್ಕದಿರುವವರು ಸೀಸದ ಬೆಲ್ಟನ್ನು ಮೊದಲೊಮ್ಮೆ ಬೀಚಿಗೆ ಒಯ್ದಿಟ್ಟು, ಟ್ಯಾಂಕನ್ನು ಎರಡನೇ ಸಲ ಹೊತ್ತುಕೊಂಡು ಹೋಗಲಿ.

ಡೈವ್ ಅಂಗಡಿಗೆ ಫೋನ್ ಮಾಡಿದಾಗ ಬೆಲೆಗಿಂತ ಮೊದಲು ಮೂರು ವಿಷಯ ಕೇಳಿ. ಯಾವ ಬೀಚಿನಲ್ಲಿ ಕಲಿಸುತ್ತೀರಿ, ತೆರೆ ದೊಡ್ಡದಾದರೆ ಬದಲಿ ಬೀಚು ಯಾವುದು? ನೀರಿಗಿಳಿಯುವುದೋ ಬೇಡವೋ ಎಂದು ಅವತ್ತು ಬೆಳಿಗ್ಗೆ ತೀರ್ಮಾನಿಸುವವರು ಯಾರು, ಅಂಗಡಿಯಲ್ಲಿ ಕೂತವರೋ ದಡದಲ್ಲಿ ನಿಂತ ಶಿಕ್ಷಕರೋ? ಕ್ಲಾಸು ರದ್ದಾದರೆ ಇನ್ನೊಂದು ದಿನ ಹೆಚ್ಚು ಹಣ ಕೇಳದೆ ಕಲಿಸುತ್ತೀರಾ? ಶಿಕ್ಷಕರೇ ತೀರ್ಮಾನಿಸುತ್ತಾರೆ, ಹೆಚ್ಚಿನ ಹಣ ಬೇಡ ಎನ್ನುವ ಅಂಗಡಿಯಲ್ಲಿ ಹೆಸರು ಬರೆಸಿ, ಕ್ಯಾಲೆಂಡರಿನಲ್ಲಿ ಒಂದರ ಬದಲು ಎರಡು ವಾರಾಂತ್ಯ ಖಾಲಿ ಇಟ್ಟುಕೊಳ್ಳಿ.